ಚಕ್ಕುಲಿ ಊಟ ಬಿಟ್ಟ ಏಳು ವಾರ

ನಮ್ಮ ಕುಮಾರಸ್ವಾಮಿ ಲೇಔಟಿನಲ್ಲಿ ಯಾರೂ ಯಾರನ್ನೂ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಊಟ ಆಯ್ತಾ ಎಂದು ಕೇಳುತ್ತಾರೆ. ಬೆಳಗ್ಗೆ ಸಿಕ್ಕರೆ ತಿಂಡಿ ಆಯ್ತಾ, ಸಂಜೆ ಸಿಕ್ಕರೆ ಕಾಫಿ ಆಯ್ತಾ, ಯಾವ ಹೊತ್ತು ಎಂದು ಗೊತ್ತಾಗದಿದ್ದರೆ ಸುಮ್ಮನೆ ಆಯ್ತಾ. ಕೇಳಿದವರಿಗೆ ಉತ್ತರವೇನೂ ಬೇಕಿರುವುದಿಲ್ಲ. ‘ಆಯ್ತು, ನಿಮ್ದು?’ ಎಂದು ಹೇಳಿ ಮುಂದೆ ಹೋದರೆ ಮರ್ಯಾದೆ ಮುಗಿಯಿತು. ಇಪ್ಪತ್ತಾರು ವರ್ಷ ನಾನೂ ಹೀಗೇ ನೆಮ್ಮದಿಯಾಗಿ ಉತ್ತರ ಕೊಟ್ಟುಕೊಂಡು ಬಂದವನು. ಆದರೆ ಈ ವರ್ಷ ಏಳು ವಾರಗಳ ಕಾಲ ಆ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ನಾನು ಪಕ್ಕದ ಅಡ್ಡರಸ್ತೆಗೆ ತಿರುಗಿಬಿಡುತ್ತಿದ್ದೆ. ಯಾಕೆಂದರೆ ಜನ ಕೇಳುತ್ತಿದ್ದದ್ದು ನನ್ನ ಊಟದ ವಿಷಯವಲ್ಲ. ನನ್ನ ಹಾವಿನ ಊಟದ ವಿಷಯ.

ಹೌದು, ನನ್ನ ಹತ್ತಿರ ಒಂದು ಹಾವಿದೆ. ಇಷ್ಟು ಓದಿದೊಡನೆ ಕುರ್ಚಿಯ ಮೇಲೆ ಕಾಲೆತ್ತಿಕೊಂಡವರು ದಯವಿಟ್ಟು ಇಳಿಸಿ. ಇದು ನಮ್ಮ ನಾಗರಹಾವಲ್ಲ. ನಮ್ಮ ದೇಶದ ಹಾವನ್ನು ಮನೆಯಲ್ಲಿ ಸಾಕುವುದು ಅಪರಾಧ. ಇದು ಆಫ್ರಿಕಾ ಮೂಲದ ಪುಟ್ಟ ಹೆಬ್ಬಾವಿನ ಜಾತಿ, ಬಾಲ್ ಪೈಥಾನ್. ವಿಷವಿಲ್ಲ, ಸರ್ಕಾರದಲ್ಲಿ ನೋಂದಾಯಿಸಿದ ಕಾಗದಪತ್ರವಿದೆ, ಉದ್ದ ನನ್ನ ಸೊಂಟದ ಮಟ್ಟಕ್ಕೆ ಬರುತ್ತದೆ. ಹೆದರಿದರೆ ಹೆಡೆ ಎತ್ತುವುದಿಲ್ಲ, ತಲೆಯನ್ನು ಒಳಗಿಟ್ಟುಕೊಂಡು ಸುರುಳಿ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿಕೊಂಡಾಗ ನೋಡಿದರೆ ಎಣ್ಣೆಯಲ್ಲಿ ಸ್ವಲ್ಪ ಹೆಚ್ಚು ಕರಿದ ಚಕ್ಕುಲಿಯೇ. ಅದಕ್ಕೇ ಆ ಹೆಸರು. ಮೊದಲು ಇದು ಬಿ.ಟಿ.ಎಂ. ಲೇಔಟಿನ ನನ್ನ ಗೆಳೆಯನೊಬ್ಬನ ಬಳಿ ಇತ್ತು. ಅವನಿಗೆ ಮದುವೆ ಗೊತ್ತಾಯಿತು. ಹುಡುಗಿ ಮನೆ ನೋಡಲು ಬಂದಳು, ಗಾಜಿನ ಪೆಟ್ಟಿಗೆ ನೋಡಿದಳು, ‘ಇಬ್ಬರಲ್ಲಿ ಒಬ್ಬರನ್ನ ಇಟ್ಕೋ’ ಅಂದಳು. ಅವನು ಎರಡು ದಿನ ಯೋಚಿಸಿದನಂತೆ. ಆ ಎರಡು ದಿನದ ಬಗ್ಗೆ ಅವಳು ಈಗಲೂ ಮಾತಾಡುತ್ತಾಳಂತೆ.

ಅದನ್ನು ತಂದಿಟ್ಟುಕೊಳ್ಳಲು ನಾನು ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ನನಗೆ ಯಾವ ವಿದ್ಯೆಯೂ ಕಾಲೇಜಿನಲ್ಲಿ ಹತ್ತಲಿಲ್ಲ, ಎಲ್ಲವೂ ಫೋನಿನಲ್ಲೇ ಹತ್ತಿದ್ದು. ಹಗಲೆಲ್ಲ ಅಪ್ಪನ ಪಾತ್ರೆ ಅಂಗಡಿಯಲ್ಲಿ ಕೂರುತ್ತೇನೆ, ಗಿರಾಕಿ ಇಲ್ಲದಾಗ ವಿಡಿಯೊ ನೋಡುತ್ತೇನೆ. ಹೀಗೆ ನೋಡಿ ನೋಡಿಯೇ ಮೊದಲು ಬಣ್ಣದ ಮೀನು ಸಾಕಿದೆ. ಆಮೇಲೆ ಮಂಚದ ಕೆಳಗೆ ಅಣಬೆ ಬೆಳೆದೆ. ಮೀನುಗಳು ಒಂದನ್ನೊಂದು ತಿಂದವು, ಅಣಬೆಯನ್ನು ತಿನ್ನಲು ಮನೆಯಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಹಾವಿನ ಸುದ್ದಿ ತೆಗೆದಾಗ ಅಪ್ಪ ಕನ್ನಡಕ ತೆಗೆದು ಒರೆಸಿದರು. ಅಪ್ಪ ಕನ್ನಡಕ ಒರೆಸಿದರೆ ಸಿಟ್ಟನ್ನು ಒರೆಸುತ್ತಿದ್ದಾರೆ ಎಂದು ಅರ್ಥ. ‘ಟೆರೇಸ್ ರೂಮಲ್ಲಿ ಇಟ್ಕೋ. ಕೆಳಗೆ ಬಂದ್ರೆ ಅದೂ ಇರಲ್ಲ, ನೀನೂ ಇರಲ್ಲ’ ಅಂದರು.

ಅಮ್ಮನದೇ ದೊಡ್ಡ ಸಮಸ್ಯೆ. ನಮ್ಮದು ವಿಭೂತಿ ಹಚ್ಚದೆ ಕಾಫಿ ಕುಡಿಯದ ಮನೆ. ಹುಟ್ಟುಹಬ್ಬದ ಕೇಕ್ ತಂದರೂ ಅಮ್ಮ ಡಬ್ಬದ ಮೇಲಿನ ಹಸಿರು ಚುಕ್ಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾಳೆ. ಅಂಥ ಮನೆಗೆ ನಾನು ತಂದದ್ದು ಹದಿನೈದು ದಿನಕ್ಕೊಂದು ಇಲಿ ತಿನ್ನುವ ಪ್ರಾಣಿಯನ್ನು. ಇಲಿಗಳು ಸತ್ತು, ಹೆಪ್ಪುಗಟ್ಟಿ, ಪ್ಯಾಕೆಟ್ಟಿನಲ್ಲಿ ಬರುತ್ತವೆ. ಬಿಸಿನೀರಿನಲ್ಲಿಟ್ಟು ಹದ ಮಾಡಿ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಹಾವಿನ ಮುಂದೆ ಆಡಿಸಬೇಕು. ನಾನು ಹಳೆಯ ಪುಟ್ಟ ಫ್ರಿಜ್ ಒಂದನ್ನು ಟೆರೇಸ್ ರೂಮಿನಲ್ಲಿಟ್ಟು, ‘ಅಮ್ಮಾ, ಅದರಲ್ಲಿ ಹಾವಿನ ಔಷಧಿ ಇದೆ, ಮುಟ್ಬೇಡ’ ಎಂದು ಹೇಳಿದ್ದೆ.

‘ಹಾಲು ಕೊಟ್ರೆ ಆಗಲ್ವೇನೋ ಶಿವು?’ ಎಂದು ಅಮ್ಮ ಮೊದಲ ದಿನವೇ ಕೇಳಿದಳು.

‘ಹಾವು ಹಾಲು ಕುಡಿಯಲ್ಲಮ್ಮ.’

‘ಮತ್ತೆ ಇಷ್ಟು ವರ್ಷ ಹುತ್ತಕ್ಕೆ ಎರೆದಿದ್ದು ಯಾರು ಕುಡಿದ್ರು?’

‘ಯಾರೂ ಇಲ್ಲ. ಮಣ್ಣಿಗೆ ಹೋಯ್ತು.’

‘ನೀನು ಹೋಗಿ ನೋಡಿದ್ಯಾ?’

ನಾನು ಫೋನು ತೆಗೆದು ಹುತ್ತದ ಒಳಗಿನ ವಿಡಿಯೊ ಹುಡುಕತೊಡಗಿದೆ.

ಮೊದಲ ಎರಡು ಊಟ ಚಕ್ಕುಲಿ ಸೊಗಸಾಗಿ ಮಾಡಿತು. ಇಕ್ಕಳ ಆಡಿಸುವಷ್ಟರಲ್ಲಿ ಛಕ್ಕನೆ ಹಿಡಿದು ಸುತ್ತಿಕೊಂಡಿತು. ನಾನು ಅದನ್ನು ವಿಡಿಯೊ ಮಾಡಿ, ಹಾವು ಸಾಕುವವರ ಗುಂಪಿಗೆ ಹಾಕಿ, ಅಲ್ಲಿದ್ದ ಹೊಸಬರಿಗೆ ಉಪದೇಶವನ್ನೂ ಮಾಡಿದೆ. ಹಾವಿನ ಮನಸ್ಸನ್ನು ಅರಿಯಬೇಕು ಎಂದೆಲ್ಲ ಬರೆದ ನೆನಪು.

ಅದಾದ ವಾರದಲ್ಲೇ ನಮ್ಮ ರಸ್ತೆಯಲ್ಲಿ ಒಂದಿಡೀ ಮಧ್ಯಾಹ್ನ ಕರೆಂಟು ಹೋಯಿತು. ‘ಔಷಧಿ’ ಕೆಟ್ಟುಹೋದೀತು ಎಂದು ಅಮ್ಮ ಕಾಳಜಿಯಿಂದ ಮಹಡಿ ಹತ್ತಿ ಫ್ರಿಜ್ಜಿನ ಬಾಗಿಲು ತೆಗೆದಿದ್ದಾಳೆ. ನಾನು ಅಂಗಡಿಯಿಂದ ಬಂದಾಗ ಹಜಾರದಲ್ಲಿ ಕೂತಿದ್ದಳು.

‘ಶಿವು, ಆ ಔಷಧಿಗೆ ಬಾಲ ಇದೆ ಕಣೋ.’

ನಾನು ಭೂಕಂಪವಾಗುತ್ತದೆ ಎಂದು ಗೋಡೆಗೆ ಒರಗಿ ನಿಂತೆ. ಆಗಲಿಲ್ಲ. ಅಮ್ಮ ಸೆರಗಿನ ಅಂಚು ಮಡಚುತ್ತ, ‘ಪಾಪ, ಎಷ್ಟು ಸಣ್ಣ ಸಣ್ಣ ಕೈ ಅವಕ್ಕೆ’ ಅಂದಳು. ಆಮೇಲೆ, ‘ಅದರ ಹೊಟ್ಟೆಗೆ ಅದೇ ಬೇಕು ಅಂದ್ರೆ ಏನ್ ಮಾಡೋಕಾಗುತ್ತೆ. ನಮ್ಮನೆಗೆ ಬಂದಿದ್ದು ಯಾವುದೂ ಹಸ್ಕೊಂಡು ಇರಬಾರದು’ ಅಂದಳು. ನನಗೆ ಕಣ್ಣು ತುಂಬಿ ಬಂತು. ಮೊಟ್ಟೆಯ ಹೆಸರನ್ನೂ ಬಾಯಿಗೆ ತಾರದ ನನ್ನ ತಾಯಿ ಪ್ರಕೃತಿಯ ನಿಯಮವನ್ನು ಎಷ್ಟು ಬೇಗ ಒಪ್ಪಿಕೊಂಡಳಲ್ಲ ಎಂದು ಗುಂಪಿನಲ್ಲಿ ಹೆಮ್ಮೆಯಿಂದ ಬರೆದೆ. ಅವತ್ತಿನಿಂದ ಅಮ್ಮ ದಿನಕ್ಕೊಮ್ಮೆ ಬಟ್ಟೆ ಒಣಹಾಕುವ ನೆಪದಲ್ಲಿ ಟೆರೇಸ್ ರೂಮಿಗೆ ಇಣುಕತೊಡಗಿದಳು. ಪ್ರೀತಿ ಬೆಳೆಯುತ್ತಿದೆ ಎಂದುಕೊಂಡೆ.

ಮೂರನೆಯ ಊಟವನ್ನು ಚಕ್ಕುಲಿ ಮುಟ್ಟಲಿಲ್ಲ. ಮೂಸಿ ನೋಡಿತು, ನಾಲಿಗೆಯನ್ನು ಎರಡು ಸಲ ಆಡಿಸಿತು, ತಲೆ ಹಿಂದೆ ಎಳೆದುಕೊಂಡು ಚಕ್ಕುಲಿಯಾಯಿತು. ನಾಲ್ಕು ದಿನ ಬಿಟ್ಟು ಮತ್ತೆ ಕೊಟ್ಟೆ. ಮತ್ತೆ ಮೂಸಿತು, ಮತ್ತೆ ಚಕ್ಕುಲಿ. ಗುಂಪಿನಲ್ಲಿ ಕೇಳಿದೆ. ಒಬ್ಬ ಬಿಸಿ ಸಾಲದು ಅಂದ, ಬಲ್ಬು ಹಾಕಿದೆ. ಇನ್ನೊಬ್ಬ ಬಿಸಿ ಹೆಚ್ಚಾಗಿದೆ ಅಂದ, ಬಲ್ಬು ತೆಗೆದೆ. ತೇವ ಬೇಕು ಅಂದರು, ಪೆಟ್ಟಿಗೆಯನ್ನು ಮಲೆನಾಡು ಮಾಡಿದೆ. ತೇವದಿಂದ ಕೆಮ್ಮು ಬರುತ್ತದೆ ಅಂದರು, ಒರೆಸಿ ಬಳ್ಳಾರಿ ಮಾಡಿದೆ. ಅಡಗಲು ಜಾಗವಿಲ್ಲದಿದ್ದರೆ ತಿನ್ನುವುದಿಲ್ಲ ಎಂದು ಮತ್ತೊಬ್ಬ ಹೇಳಿದ, ಅಂಗಡಿಯಿಂದ ಸ್ಟೀಲ್ ಬೋಗುಣಿ ತಂದು ಮಗುಚಿಟ್ಟೆ. ಚಕ್ಕುಲಿ ಅದರಲ್ಲಿ ತನ್ನ ಮುಖ ನೋಡಿಕೊಂಡು ಇನ್ನಷ್ಟು ಹೆದರಿತು. ಇಲಿಯನ್ನು ಕೋಳಿಸಾರಿನಲ್ಲಿ ಅದ್ದಿ ಕೊಡಿ ಎಂದು ಯಾರೋ ಪುಣ್ಯಾತ್ಮರು ಬರೆದಿದ್ದರು. ಆ ಸಂದೇಶವನ್ನು ಅಮ್ಮ ನೋಡದಂತೆ ಅಳಿಸಿಹಾಕಿದೆ. ಒಬ್ಬರು ಮಾತ್ರ, ಸುಮ್ಮನೆ ಬಿಟ್ಟುಬಿಡಿ ಎಂದು ಎರಡೇ ಶಬ್ದ ಬರೆದಿದ್ದರು. ಇವರಿಗೆ ಹಾವಿನ ಬಗ್ಗೆ ಏನೂ ಗೊತ್ತಿಲ್ಲ ಎಂದುಕೊಂಡೆ.

ಇಲಿಗಳ ಹಣೆಯ ಮೇಲೆ ಬೆಳ್ಳಗೆ ಏನೋ ಕಂಡಿತ್ತು, ನಿಜ. ಹಳೆಯ ಫ್ರಿಜ್ಜು, ಮಂಜಿನ ಪುಡಿ ಹಿಡಿದಿದೆ ಎಂದು ನನಗೆ ನಾನೇ ವಿವರಿಸಿಕೊಂಡೆ. ಸ್ವಂತವಾಗಿ ಕಲಿತವನಿಗೆ ಇದೊಂದು ಅನುಕೂಲ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಇರುತ್ತದೆ.

ನಾಲ್ಕನೆಯ ವಾರ ಜಯನಗರದ ಪಶುವೈದ್ಯರಲ್ಲಿಗೆ ಹೋದೆ. ಚಕ್ಕುಲಿ ಬಟ್ಟೆಯ ಚೀಲದಲ್ಲಿ, ಚೀಲ ಬುಟ್ಟಿಯಲ್ಲಿ, ಬುಟ್ಟಿ ನನ್ನ ತೊಡೆಯ ಮೇಲೆ. ಪಕ್ಕದಲ್ಲಿ ದಪ್ಪ ನಾಯಿಯೊಂದನ್ನು ಹಿಡಿದು ಕೂತಿದ್ದ ಆಂಟಿ ಬುಟ್ಟಿಯ ಕಡೆ ಕರುಣೆಯಿಂದ ನೋಡಿದರು.

‘ಏನಪ್ಪಾ ತೊಂದ್ರೆ?’

‘ಊಟ ಬಿಟ್ಟಿದೆ ಆಂಟಿ. ನಾಲ್ಕು ವಾರ ಆಯ್ತು.’

‘ನಾಲ್ಕು ವಾರಾನಾ! ಅಯ್ಯೋ ಕಂದ! ನಮ್ಮ ಬ್ರೂನೋ ಒಂದು ಹೊತ್ತು ಬಿಟ್ರೆ ನಾನು ಸತ್ತೇ ಹೋಗ್ತೀನಿ. ಮೊಸರನ್ನ ಮೆತ್ತಗೆ ಕಲಸಿ, ನಿನ್ ಕೈಯಾರೆ ತುತ್ತು ಮಾಡಿ ಬಾಯಿಗೆ ಇಡು. ತಿನ್ನುತ್ತೆ. ಬೆಕ್ಕಿಗೆ ಸ್ವಲ್ಪ ಬಿಂಕ ಜಾಸ್ತಿ, ಅಷ್ಟೇ. ಎಲ್ಲಿ, ಮುಖ ತೋರ್ಸು.’

‘ಬೆಕ್ಕಲ್ಲ ಆಂಟಿ’ ಎಂದು ನಾನು ಹೇಳುವುದಕ್ಕೂ ಚೀಲ ಮೆಲ್ಲಗೆ ಸುತ್ತು ತಿರುಗುವುದಕ್ಕೂ ಸರಿಹೋಯಿತು. ಬ್ರೂನೋ ಆಂಟಿಯ ಹಿಂದೆ ಅಡಗಿತು, ಆಂಟಿ ಬ್ರೂನೋನ ಹಿಂದೆ ಅಡಗಿದರು. ಮುಂದಿನ ಸರದಿ ನಮಗೇ ಸಿಕ್ಕಿತು.

ಡಾಕ್ಟರ್ ಮೇಡಂ ಚಕ್ಕುಲಿಯ ಬಾಯಿ, ಹೊಟ್ಟೆ, ಚರ್ಮ ಎಲ್ಲ ನೋಡಿ, ‘ಚೆನ್ನಾಗಿದೆಯಲ್ಲ. ಈ ಜಾತಿ ತಿಂಗಳುಗಟ್ಟಲೆ ಊಟ ಬಿಡೋದುಂಟು. ಜಾಸ್ತಿ ಮುಟ್ಬೇಡಿ, ತೂಕ ಇಳೀತಿದ್ಯಾ ಅಂತ ಆಗಾಗ ನೋಡ್ಕೊಳಿ’ ಅಂದರು. ಮೇಡಂ ಎರಡು ಮಾತು ಹೇಳಿದ್ದರು. ನನಗೆ ತೂಕದ ಮಾತು ಮಾತ್ರ ಕೇಳಿಸಿತು. ಆಗಾಗ ಎನ್ನುವುದು ನನ್ನ ಕಿವಿಯಲ್ಲಿ ದಿನಾಲೂ ಎಂದಾಯಿತು.

ತೂಕದ ಯಂತ್ರ ಇರುವುದು ಅಂಗಡಿಯಲ್ಲಿ. ಪಾತ್ರೆ ತೂಗುವ ಅಂಗಡಿಗಿಂತ ಕರಾರುವಾಕ್ಕಾದ ಜಾಗ ಬೇರೆ ಯಾವುದಿದೆ ಹೇಳಿ. ದಿನಾ ಬೆಳಗ್ಗೆ ಅಪ್ಪ ಬರುವ ಮೊದಲು ಚಕ್ಕುಲಿಯನ್ನು ಒಂದು ಸ್ಟೀಲ್ ಡಬರಿಯಲ್ಲಿಟ್ಟು, ಮುಚ್ಚಳ ಹಾಕಿ ತೂಗತೊಡಗಿದೆ. ಹತ್ತು ದಿನ ಸುಸೂತ್ರವಾಗಿ ನಡೆಯಿತು. ಹನ್ನೊಂದನೆಯ ದಿನ ಫೋನು ಬಂತೆಂದು ಹೊರಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅಪ್ಪ ಬಂದು ಕೂತಿದ್ದರು. ಗೃಹಪ್ರವೇಶಕ್ಕೆ ಪಾತ್ರೆ ಕೊಳ್ಳಲು ಬಂದ ಹೆಂಗಸೊಬ್ಬರು ತಕ್ಕಡಿಯ ಮೇಲಿದ್ದ ಡಬರಿಯನ್ನೇ ಮೆಚ್ಚಿ, ‘ಇದರ ತಳ ದಪ್ಪ ಇದ್ಯಾ ಯಜಮಾನ್ರೇ?’ ಎಂದು ಕೇಳುತ್ತಿದ್ದರು.

‘ಒಳ್ಳೇ ತಳ ಅಮ್ಮಾ. ಕೈ ಹಾಕಿ ನೋಡಿ ಬೇಕಾದ್ರೆ’ ಅಂದರು ಅಪ್ಪ.

ಅವರು ಮುಚ್ಚಳ ತೆಗೆದರು.

ಮುಂದಿನದನ್ನು ನಾನು ವರ್ಣಿಸುವುದಿಲ್ಲ. ಒಂದು ಸಾಲು ಲೋಟಗಳು ಬಿದ್ದ ಸದ್ದು ಪಕ್ಕದ ಬೇಕರಿಯವರೆಗೆ ಕೇಳಿತಂತೆ. ಆ ತಾಯಿ ಗೃಹಪ್ರವೇಶದ ಪಾತ್ರೆಯನ್ನು ಬನಶಂಕರಿಯಲ್ಲಿ ಕೊಂಡರಂತೆ. ಸಂಜೆ ಅಪ್ಪ ಕನ್ನಡಕ ಒರೆಸಲಿಲ್ಲ. ತೆಗೆದು ಮೇಜಿನ ಮೇಲಿಟ್ಟರು. ಇದು ನಾನು ನೋಡಿರದ ಹಂತ.

‘ಶಿವು, ಗಿರಾಕಿ ಹೋದ್ಲು, ಹೋಗ್ಲಿ. ನಾನು ಕೇಳೋದು ಬೇರೆ. ಅದು ತಿಂದು ಎಷ್ಟು ದಿನ ಆಯ್ತು?’

‘ಆರು ವಾರ.’

‘ಮೀನು ಸತ್ತಾಗ ಸುಮ್ನಿದ್ದೆ. ನಿನ್ನ ಹುಚ್ಚಿಗೆ ಇನ್ನೊಂದು ಜೀವ ಹೋಗಬಾರದು. ಇನ್ನೊಂದು ವಾರ ಟೈಮು. ಬರೋ ಭಾನುವಾರ ಸಾಯಂಕಾಲದೊಳಗೆ ತಿನ್ನಲಿಲ್ಲ ಅಂದ್ರೆ, ತಿನ್ನಿಸೋದು ಗೊತ್ತಿರೋರಿಗೆ ಕೊಟ್ಬಿಡು.’

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಹೇಳಿದ್ದು ನಿಜವಾಗಿತ್ತು. ಅದೇ ಕಷ್ಟ. ನಾನು ಹಾವು ಸಾಕುವವರ ಗುಂಪಿನ ಅಂಜನಾಪುರದ ಮುನಿರಾಜಣ್ಣನಿಗೆ ಫೋನು ಮಾಡಿದೆ. ಅವರ ಅಪ್ಪನ ಕಾಲದ ಹೊಲ ಈಗ ಮೂರು ಮಹಡಿಯ ಬಾಡಿಗೆ ಮನೆಯಾಗಿದೆ. ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡದೆ ಅಲ್ಲಿ ಆರು ವಿದೇಶಿ ಹಾವು ಸಾಕಿದ್ದಾರೆ. ಭಾನುವಾರ ಸಾಯಂಕಾಲ ಬರುತ್ತೇನೆ, ಅಷ್ಟರಲ್ಲಿ ತಿನ್ನದಿದ್ದರೆ ಒಯ್ಯುತ್ತೇನೆ ಅಂದರು.

ಆ ವಾರ ನಾನು ಊಟ ಸರಿಯಾಗಿ ಮಾಡಲಿಲ್ಲ. ಗಂಟೆಗೊಮ್ಮೆ ಮೇಲೆ ಹೋಗಿ ಟಾರ್ಚು ಬಿಟ್ಟು ನೋಡುತ್ತಿದ್ದೆ. ಅಮ್ಮ ನನಗಿಂತ ಕಂಗೆಟ್ಟಿದ್ದಳು. ಒಮ್ಮೆ ಮೇಲೆ ಹೋದರೆ, ನನ್ನ ತಾಯಿ, ಬೆಳ್ಳುಳ್ಳಿ ಹಾಕಿದ ಚಟ್ನಿಯನ್ನೂ ಸೋಮವಾರ ಮುಟ್ಟದವಳು, ಗಾಜಿಗೆ ಮೂಗು ತಾಗಿಸಿ ಕೂತು ಚಕ್ಕುಲಿಗೆ ಬುದ್ಧಿ ಹೇಳುತ್ತಿದ್ದಳು. ‘ಒಂದೇ ಒಂದು ಇಲಿ ತಿನ್ನು ನನ್ನಪ್ಪಾ. ಪೂರ್ತಿ ಬೇಡ, ಅರ್ಧ ತಿನ್ನು. ಬಾಲ ಬಿಟ್ಬಿಡು ಬೇಕಾದ್ರೆ. ನಾನು ಏನೂ ಅನ್ಕೊಳಲ್ಲ.’

ಭಾನುವಾರ ಬಂತು. ಮುನಿರಾಜಣ್ಣ ಸ್ಕೂಟರಿನಲ್ಲಿ ಬಂದರು. ದಾರಿಯಲ್ಲಿ ಕೋಣನಕುಂಟೆಯ ಹತ್ತಿರ ತಮ್ಮ ಹಾವುಗಳಿಗೆಂದು ಕೊಂಡ ಇಲಿಗಳು ಐಸಿನ ಡಬ್ಬಿಯಲ್ಲಿದ್ದವು. ನಾವು ನಾಲ್ವರೂ ಟೆರೇಸ್ ರೂಮಿನಲ್ಲಿ ನಿಂತೆವು, ಆಸ್ಪತ್ರೆಯಲ್ಲಿ ರೋಗಿಯ ಸುತ್ತ ನಿಲ್ಲುವ ಹಾಗೆ. ಅವರು ಚಕ್ಕುಲಿಯನ್ನು ನೋಡಿದರು, ಪೆಟ್ಟಿಗೆ ನೋಡಿದರು, ಬೋಗುಣಿ ನೋಡಿ ನಕ್ಕರು.

‘ಸೆಟಪ್ ಚೆನ್ನಾಗೈತೆ ಗುರು. ಊಟ ಏನ್ ಕೊಡ್ತೀಯ, ತೋರ್ಸು.’

ನಾನು ಫ್ರಿಜ್ ತೆರೆದು ಡಬ್ಬ ಕೊಟ್ಟೆ. ಮುಚ್ಚಳ ತೆಗೆದವರು ಹಿಂದಕ್ಕೆ ಸರಿದರು. ಮತ್ತೆ ಮೂಗು ಹತ್ತಿರ ತಂದರು. ಒಂದು ಇಲಿಯನ್ನು ಎತ್ತಿ ಬೆಳಕಿಗೆ ಹಿಡಿದರು.

‘ಏನ್ ಗುರು ಇದು? ದೇವಸ್ಥಾನದ ವಾಸ್ನೆ ಬತ್ತೈತೆ! ಕರ್ಪೂರ ಅಲ್ವಾ ಇದು? ಹಣೆ ಮ್ಯಾಲೆ ಮೂರು ಗೆರೆ ಯಾರು ಎಳ್ದಿದ್ದು?’

ಅಮ್ಮ ಬಟ್ಟೆ ಎತ್ತುವವಳ ಹಾಗೆ ಬಾಗಿಲ ಕಡೆ ಹೊರಟಳು.

‘ಅಮ್ಮಾ’ ಅಂದೆ.

‘ಏನೋ ಈಗ?’ ಎಂದು ತಿರುಗಿದಳು. ‘ತಪ್ಪೇನು ಮಾಡ್ದೆ? ಅವೂ ಜೀವಾನೇ ತಾನೆ. ನಮ್ಮನೆ ಸೂರಿನ ಕೆಳಗೆ ಹೆಣವಾಗಿ ಬಿದ್ದಿದಾವೆ. ಹೆತ್ತೋರಿಲ್ಲ, ಹೇಳೋರಿಲ್ಲ. ಮಣ್ಣಂತೂ ಕೊಡೋಕಾಗಲ್ಲ. ಒಂದು ಚಿಟಿಕೆ ವಿಭೂತಿನಾದ್ರೂ ಹಚ್ಚಿ, ಡಬ್ಬದಲ್ಲಿ ನಾಲ್ಕು ಬಿಲ್ಲೆ ಕರ್ಪೂರ ಇಟ್ಟೆ. ಹೋಗೋ ಜೀವ ಹಂಗೇ ಹೋಗ್ಬೇಕಾ?’

‘ಎಲ್ಲಾ ಇಲಿಗೂ ಹಚ್ಚಿದ್ಯಾ?’

‘ಒಬ್ಬರಿಗೆ ಹಚ್ಚಿ ಒಬ್ಬರಿಗೆ ಬಿಡೋಕಾಗುತ್ತಾ?’

ಮುನಿರಾಜಣ್ಣ ನಗು ತಡೆಯಲಾರದೆ ಗೋಡೆಯ ಕಡೆ ಮುಖ ತಿರುಗಿಸಿದರು. ಹಾವು ವಾಸನೆಯಿಂದಲೇ ಊಟ ಗುರುತಿಸುತ್ತದೆ, ಅದಕ್ಕೆ ಇಲಿ ಬೇಕು, ಮಂಗಳಾರತಿ ಬೇಡ, ಕರ್ಪೂರ ಹೊಟ್ಟೆಗೆ ಹೋದರೆ ಕೆಟ್ಟದ್ದೂ ಹೌದು, ತಿನ್ನದೆ ಇದ್ದದ್ದೇ ಒಳ್ಳೆಯದಾಯಿತು ಎಂದು ವಿವರಿಸಿದರು. ಅಮ್ಮ, ‘ಹಂಗಾದ್ರೆ ನಾನೇ ಉಪವಾಸ ಕೆಡವಿದ್ನಾ ಅದನ್ನ?’ ಎಂದು ಅಲ್ಲೇ ನೆಲದ ಮೇಲೆ ಕೂತಳು. ಅಪ್ಪ ನನ್ನ ಕಡೆ ತಿರುಗಿ, ‘ಅವಳಿಗೆ ಗೊತ್ತಿರಲಿಲ್ಲ. ನಿನಗೆ ಮೂಗಿಲ್ವಾ?’ ಎಂದು ಕೇಳಿದರು.

ಮೂಗಿದೆ. ಆದರೆ ಆ ಮೂಗು ಹುಟ್ಟಿದ್ದೇ ಕರ್ಪೂರದ ಮನೆಯಲ್ಲಿ. ನಮ್ಮ ಹಾಸಿಗೆ, ಬೀರು, ಅಕ್ಕಿಡಬ್ಬ ಎಲ್ಲದರಲ್ಲೂ ಅದೇ ವಾಸನೆ. ನನಗೆ ಅದು ಗಾಳಿಯ ವಾಸನೆ. ಆಫ್ರಿಕಾದ ಕಾಡಿನ ಮಣ್ಣಿನಲ್ಲಿ ಎಷ್ಟು ತೇವ ಇರುತ್ತದೆ ಎಂದು ಬಾಯಿಪಾಠ ಹೇಳುತ್ತಿದ್ದವನಿಗೆ ನಮ್ಮ ಟೆರೇಸಿನಲ್ಲಿ ನಮ್ಮಮ್ಮ ಏನು ಮಾಡುತ್ತಿದ್ದಾಳೆ ಎಂದು ಗೊತ್ತಿರಲಿಲ್ಲ.

ಮುನಿರಾಜಣ್ಣ ತಮ್ಮ ಡಬ್ಬಿಯಿಂದ ಒಂದು ಇಲಿ ತೆಗೆದು ಬಿಸಿನೀರಿನಲ್ಲಿ ಹದ ಮಾಡಿ ಪೆಟ್ಟಿಗೆಯೊಳಗೆ ಇಟ್ಟರು. ನಾನು ಟಾರ್ಚು ಹಿಡಿದು ಬಗ್ಗಿದೆ. ಅವರು ಟಾರ್ಚು ಕಿತ್ತುಕೊಂಡರು. ‘ನಿನ್ ಮುಂದೆ ಯಾರಾದ್ರೂ ಬ್ಯಾಟ್ರಿ ಬಿಟ್ಕೊಂಡು ನಿಂತ್ರೆ ನೀನು ಉಣ್ತೀಯಾ? ನಡೀರಿ ಎಲ್ಲಾರೂ.’ ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿ, ದೀಪ ಆರಿಸಿ, ಬಾಗಿಲು ಎಳೆದುಕೊಂಡು ನಮ್ಮನ್ನು ಕೆಳಗೆ ಅಟ್ಟಿದರು.

ಒಂದು ಗಂಟೆ ಕಾದೆವು. ಅಮ್ಮ ಮುನಿರಾಜಣ್ಣನಿಗೆ ಉಪ್ಪಿಟ್ಟು ಕೊಟ್ಟಳು, ತಾನು ಮುಟ್ಟಲಿಲ್ಲ. ಅಪ್ಪ ಪೇಪರನ್ನು ಒಂದೇ ಪುಟದಲ್ಲಿ ಹಿಡಿದು ಕೂತಿದ್ದರು. ಆಮೇಲೆ ಬೆಕ್ಕಿನ ಹೆಜ್ಜೆಯಲ್ಲಿ ಮೇಲೆ ಹೋಗಿ ಬಟ್ಟೆಯ ತುದಿ ಎತ್ತಿದರೆ, ಇಲಿ ಇರಲಿಲ್ಲ. ಚಕ್ಕುಲಿಯ ನಡುವೆ ಒಂದು ಉಬ್ಬು ಇತ್ತು. ‘ತಿಂತಾ?’ ಎಂದು ಅಮ್ಮ ಪಿಸುಗುಟ್ಟಿದಳು. ‘ತಿಂತು’ ಅಂದೆ. ಅಮ್ಮ ಅಲ್ಲಿಂದಲೇ ಯಾವುದೋ ದಿಕ್ಕಿಗೆ ಕೈ ಮುಗಿದಳು. ಹಾವಿಗೋ, ಶಿವನಿಗೋ, ಇಲಿಗೋ ಗೊತ್ತಾಗಲಿಲ್ಲ. ಕರ್ಪೂರ ಇಲ್ಲದ್ದಕ್ಕೆ ತಿಂದಿತೋ, ಕತ್ತಲಾದದ್ದಕ್ಕೆ ತಿಂದಿತೋ, ನಾನು ಪಕ್ಕದಲ್ಲಿ ಇಲ್ಲದ್ದಕ್ಕೇ ತಿಂದಿತೋ, ಅದೂ ನನಗೆ ಇವತ್ತಿನವರೆಗೆ ಗೊತ್ತಾಗಿಲ್ಲ. ಗುಂಪಿನಲ್ಲಿ ಕೇಳಬಹುದು. ಕೇಳುವುದಿಲ್ಲ.

ಮುನಿರಾಜಣ್ಣ ಬರಿಗೈಲಿ ಹೋದರು. ಅಪ್ಪ ಕನ್ನಡಕ ಹಾಕಿಕೊಂಡು, ‘ಸರಿ, ಇರ್ಲಿ. ಆ ಡಬರಿ ಮೇಲೆ ಮಾರಾಟಕ್ಕಿಲ್ಲ ಅಂತ ಚೀಟಿ ಅಂಟಿಸು’ ಅಂದರು. ಇಲಿಗಳ ವಿಷಯದಲ್ಲಿ ಅಮ್ಮನೊಡನೆ ಒಪ್ಪಂದವಾಯಿತು. ವಿಭೂತಿಯನ್ನು ಫ್ರಿಜ್ಜಿನ ಬಾಗಿಲಿಗೆ, ಹೊರಗಡೆಯಿಂದ ಮಾತ್ರ ಹಚ್ಚುವುದು.

ಅವತ್ತು ರಾತ್ರಿ ಊಟಕ್ಕೆ ಕೂತೆ. ವಾರವಿಡೀ ತಿನ್ನದ ಹೊಟ್ಟೆ, ಸಂತೋಷಕ್ಕೋ ಏನೋ ತುತ್ತು ಒಳಗೆ ಹೋಗಲೊಲ್ಲದು. ಅಮ್ಮ ಎದುರಿಗೆ ನಿಂತು ಸೌಟು ಹಿಡಿದು ಶುರು ಮಾಡಿದಳು. ‘ಒಂದೇ ಒಂದು ರೊಟ್ಟಿ ತಿನ್ನೋ. ಅರ್ಧ ತಿನ್ನು. ಪಲ್ಯ ಬಿಟ್ಬಿಡು ಬೇಕಾದ್ರೆ.’

‘ಅಮ್ಮಾ, ನೀನು ಹಿಂಗೆ ನೋಡ್ತಾ ನಿಂತ್ರೆ ಹೆಂಗೆ ತಿನ್ನೋದು?’

ಅಮ್ಮ ಒಂದು ಕ್ಷಣ ನನ್ನನ್ನೇ ನೋಡಿದಳು. ಸೌಟು ಕೆಳಗಿಟ್ಟಳು. ದೀಪ ಆರಿಸಿ, ಬಾಗಿಲು ಎಳೆದುಕೊಂಡು ಹೋದಳು. ನಾನು ಕತ್ತಲಲ್ಲಿ ಕೂತಿದ್ದೆ. ಕೂಗಿ ಕರೆಯೋಣ ಎಂದುಕೊಂಡು ಕೈ ಚಾಚಿದರೆ ರೊಟ್ಟಿ ಸಿಕ್ಕಿತು. ಎರಡನೆಯದು ಮುಗಿಸಿ ಮೂರನೆಯದನ್ನು ಮುರಿಯುವಾಗ ಬಾಗಿಲಾಚೆ ಅಪ್ಪನ ಹೆಜ್ಜೆ ಕೇಳಿಸಿತು. ಹಿಂದೆಯೇ ಅಮ್ಮನ ಪಿಸುದನಿ:

‘ಶ್! ಒಳಗೆ ಹೋಗ್ಬೇಡಿ ರೀ. ತಿಂತಿದಾನೆ.’